ಗೆಳೆಯನ ಹಗೆ ನನಗೂ ಹಗೆಯೇ?

ಚೋರನೂರು, ಸಂಡೂರು ಕಡೆಯಿಂದ ಹಂಪಿಗೆ ಬಂದವರು ವಿರೂಪಾಕ್ಷನಿಗೆ ಕೈಮುಗಿದು ಹೊಳೆಯ ದಂಡೆ ಹಿಡಿದು ನಡೆದರೆ ಚಕ್ರತೀರ್ಥದ ಬಳಿ ಕೋದಂಡರಾಮನ ಗುಡಿ ಸಿಗುತ್ತದೆ. ಅಲ್ಲಿ ರಾಮ, ಸೀತೆ, ಲಕ್ಷ್ಮಣರ ಜೊತೆಗೆ ನಿಂತವನು ಸುಗ್ರೀವ. ಕಿಷ್ಕಿಂಧೆಯೆಂದು ಜನ ನಂಬಿದ ಈ ನೆಲದಲ್ಲಿ ರಾಮನ ಗೆಳೆಯನಿಗೆ ಗರ್ಭಗುಡಿಯಲ್ಲೇ ಜಾಗ. ನವವಿಧ ಭಕ್ತಿಯಲ್ಲೂ ಸಖ್ಯ ಎಂಟನೆಯದು. ಅದರ ಮುಂದೆ ಉಳಿಯುವುದು ಆತ್ಮನಿವೇದನೆಯೊಂದೇ.

ಆದರೆ ರಾಮ-ಸುಗ್ರೀವರ ಗೆಳೆತನ ಹುಟ್ಟಿದ್ದು ಕೊಡು-ಕೊಳ್ಳುವ ಮಾತಿನಲ್ಲಿ. ಒಬ್ಬನ ಹೆಂಡತಿಯನ್ನು ರಾವಣ ಒಯ್ದಿದ್ದ, ಇನ್ನೊಬ್ಬನ ಹೆಂಡತಿಯನ್ನು ಅಣ್ಣ ವಾಲಿಯೇ ಇಟ್ಟುಕೊಂಡಿದ್ದ. ಹನುಮಂತ ಕಟ್ಟಿಗೆ ಉಜ್ಜಿ ಕಿಚ್ಚು ಹೊತ್ತಿಸಿದ, ಇಬ್ಬರೂ ಅದಕ್ಕೆ ಪ್ರದಕ್ಷಿಣೆ ಬಂದರು. ವಾಲಿಯನ್ನು ಕೊಲ್ಲುವುದಾಗಿ ರಾಮ ಮಾತು ಕೊಟ್ಟ. ಅಣ್ಣ-ತಮ್ಮಂದಿರ ಹಗೆಗೆ ಕಾರಣವೇನೆಂದು ವಾಲ್ಮೀಕಿಯ ರಾಮ ವಿಚಾರಿಸುವುದು ಮಾತು ಕೊಟ್ಟ ಮೇಲೆ! ಅದೂ ಸುಗ್ರೀವನ ಬಾಯಿಂದ ಮಾತ್ರ. ವಾಲಿಯನ್ನು ಯಾರೂ ಕೇಳಲಿಲ್ಲ.

ವಾಲಿ-ಸುಗ್ರೀವರ ಮೊದಲ ಕಾಳಗದಲ್ಲಿ ರಾಮ ಬಾಣ ಬಿಡಲೇ ಇಲ್ಲ. ಅಣ್ಣ ಯಾರು, ತಮ್ಮ ಯಾರು ಎಂದು ಗುರುತು ಹತ್ತಲಿಲ್ಲ. ಎರಡನೆಯ ಸಲ ಗಜಪುಷ್ಪಿ ಬಳ್ಳಿಯನ್ನು ಸುಗ್ರೀವನ ಕೊರಳಿಗೆ ಹಾಕಿಸಬೇಕಾಯಿತು. ಗೆಳೆಯನಿಗೂ ಹಗೆಗೂ ಇದ್ದ ವ್ಯತ್ಯಾಸ ಒಂದು ಹೂಬಳ್ಳಿಯಷ್ಟೇ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ಸಾಯುವಾಗ ವಾಲಿ ಕೇಳಿದ. ರಾಮ ಉದ್ದಕ್ಕೆ ಉತ್ತರ ಕೊಟ್ಟನಾದರೂ ಆ ವಾದ ಇವತ್ತಿಗೂ ತೀರಿಲ್ಲ. ನಿಂಬಾಪುರದ ಬಳಿಯ ಬೂದಿದಿಬ್ಬವನ್ನು ಸುತ್ತಲಿನವರು ವಾಲಿಯನ್ನು ಸುಟ್ಟ ಜಾಗವೆಂದೇ ತೋರಿಸುತ್ತಾರೆ.

ಕನ್ನಡದ ಜೈನ ಕವಿ ನಾಗಚಂದ್ರ ಈ ತೊಡಕನ್ನು ಬುಡದಲ್ಲೇ ಬಿಡಿಸಿದ. ವಿಮಲಸೂರಿಯ ಪ್ರಾಕೃತ ಕಥೆಯ ಜಾಡಿನಲ್ಲಿ ಸಾಗುವ ಅವನ ‘ರಾಮಚಂದ್ರಚರಿತಪುರಾಣ’ದಲ್ಲಿ ವಾಲಿ ರಾಜ್ಯ ಬಿಟ್ಟು ದೀಕ್ಷೆ ಹಿಡಿಯುತ್ತಾನೆ. ಸುಗ್ರೀವನನ್ನು ಕಾಡುವವನು ಅವನದೇ ವೇಷ ತೊಟ್ಟು ಬಂದ ಸಾಹಸಗತಿ ಎಂಬವನು. ಅಂಥವನನ್ನು ಕೊಂದರೆ ಗೆಳೆತನಕ್ಕೆ ಕಳಂಕವಿಲ್ಲ. ಧರ್ಮಸಂಕಟವೂ ಇಲ್ಲ.

ಲಾಭಕ್ಕಾಗಿ, ಸುಖಕ್ಕಾಗಿ, ಗುಣಕ್ಕಾಗಿ ಎಂದು ಗ್ರೀಸಿನ ಅರಿಸ್ಟಾಟಲ್ ಗೆಳೆತನವನ್ನು ಮೂರು ಬಗೆ ಮಾಡಿದ; ಲಾಭದ ಗೆಳೆತನ ಲಾಭ ತೀರಿದ ದಿನ ಮುಗಿಯುತ್ತದೆ ಎಂದ. ವಾಲ್ಮೀಕಿಯ ಸುಗ್ರೀವ ಆ ಮಾತನ್ನು ನಿಜ ಮಾಡುವುದರಲ್ಲಿದ್ದ. ರಾಜ್ಯ ಸಿಕ್ಕಿದ್ದೇ ಮಳೆಗಾಲವಿಡೀ ಅಂತಃಪುರದಲ್ಲಿ ಮೈಮರೆತ. ರಾಮ ಬೆಟ್ಟದಲ್ಲಿ ಕಾದು ಕುಳಿತಿದ್ದ. ಕಂಪ್ಲಿ ದಾರಿಯ ಮಾಲ್ಯವಂತ ರಘುನಾಥನ ಗುಡಿ ಆ ನೆನಪಿನದು. ಲಕ್ಷ್ಮಣ ಕೆಂಡವಾಗಿ ಬಂದಾಗ ಸಮಾಧಾನ ಹೇಳಿದವಳು ತಾರೆ, ವಾಲಿಯ ಹೆಂಡತಿ.

ಆದರೂ ಇದೇ ಸುಗ್ರೀವ ವಾಲಿಯ ಹೆಣದ ಮುಂದೆ ತಾನೂ ಬೆಂಕಿಗೆ ಬೀಳುತ್ತೇನೆಂದು ಅತ್ತಿದ್ದ. ಲಂಕೆಯವರೆಗೆ ಹೋಗಿ ಕಾದಿದ. ಉತ್ತರಕಾಂಡದಲ್ಲಿ ರಾಮ ಸರಯೂ ನದಿಗೆ ಇಳಿಯುವ ಸುದ್ದಿ ತಿಳಿದಾಗ, ಯಾವ ಸಿಂಹಾಸನಕ್ಕಾಗಿ ಗೆಳೆತನ ಬೆಳೆಸಿದ್ದನೋ ಅದರ ಮೇಲೆ ವಾಲಿಯ ಮಗ ಅಂಗದನನ್ನು ಕೂರಿಸಿ ಗೆಳೆಯನ ಜೊತೆಗೆ ಹೊರಟ.