ಹೊಸ ಊರಿಗೆ ಬಂದ ಬೋಧಕನು

ಕಲಿಸಲು ಬಂದವನು ತಾನೇ ಕಲಿಯುವವನಾದರೆ ಅವನ ಪದವಿಗೆ ಕುಂದುಂಟೋ? 1853ರಲ್ಲಿ ಬಾಸೆಲ್ ಮಿಶನಿನ ಫೆರ್ಡಿನೆಂಡ್ ಕಿಟ್ಟೆಲರು ಇಪ್ಪತ್ತೊಂದು ವರುಷದ ಯೌವನಸ್ಥರಾಗಿ ನಮ್ಮ ದೇಶಕ್ಕೆ ಬಂದು, ಕನ್ನಡಿಗರಿಗೆ ಕನ್ನಡಿಗರಾಗಲು ಬಯಸಿ, ನಮ್ಮ ಭಾಷೆಯನ್ನು ಕಲಿಯತೊಡಗಿದರು. ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಡುವೆ ನಾಲ್ವತ್ತೊಂದು ವರುಷ.

ಸತ್ಯವನ್ನು ಬಲ್ಲವನಿಗೆ ಊರಿನ ಮಾತು ಯಾತಕ್ಕೆಂದು ಕೆಲವರು ಕೇಳಾರು. ಹೆಮ್ಮೆಯ ಬಾಯಿಂದ ಬಂದ ಸತ್ಯವು ಕೇಳುವವನಿಗೆ ಬರೀ ಅಪ್ಪಣೆಯಾಗಿ ತೋರುವದು. ನಮ್ಮ ಕರ್ತನು ಸಹ ಬೋಧಿಸತೊಡಗುವ ಮೊದಲು ಸುಮಾರು ಮೂವತ್ತು ವರುಷ ಜನರ ನಡುವೆ ಬಾಳಿದನಷ್ಟೆ.

ಆದರೆ ಈ ಭಾರವೆಲ್ಲಾ ಬಂದವನದೇ ಅಲ್ಲ. ಘಟಪ್ರಭೆಯ ದಡದ ನಮ್ಮ ಊರಿಗೆ ಎಳೆಯ ಬೋಧಕನೊಬ್ಬನು ಬಂದು ಮಾತಿನಲ್ಲಿ ತಪ್ಪಿದಾಗ, ನಕ್ಕವರಲ್ಲಿ ನಾವೇ ಮೊದಲಿಗರು. ಆ ಮೇಲೆ ಬಹು ದಿನ ಅವನು ಪುಸ್ತಕ ನೋಡಿ ಓದಿದನೇ ಹೊರತು ಯಾರ ಸಂಗಡಲೂ ಮನಸ್ಸು ಬಿಚ್ಚಲಿಲ್ಲ. ಸಭೆಯ ಮುದುಕಿಯೊಬ್ಬಳು ಅವನನ್ನು ಒಲೆಯ ಬಳಿ ಕೂಡ್ರಿಸಿ, ಜೋಳದ ರೊಟ್ಟಿ ನೀಡಿ, ನಗದೆ ಒಂದೊಂದು ಮಾತನ್ನು ತಿದ್ದಿದಳು. ಅವನ ಬಾಯಿ ತೆರೆದದ್ದು ನಮ್ಮ ಸೆಮಿನಾರಿಯ ವಿದ್ಯೆಯಲ್ಲ, ಅವಳ ತಾಳ್ಮೆಯೇ.

ಆದದರಿಂದ, ಸಹೋದರರೇ, ಹೊಸಬನು ತಪ್ಪಿದಾಗ ನಗಬೇಡಿರಿ. ಹತ್ತಿರ ಕರೆದು ಕಲಿಸಿರಿ. ಅದೂ ಕರ್ತನ ಸೇವೆಯೇ ಸರಿ.