ಪಂಕ್ತಿಭೇದ

ಊಟದ ಸಾಲಿನಲ್ಲಿ ಒಬ್ಬರ ಎಲೆಗೆ ತುಪ್ಪ ಧಾರಾಳವಾಗಿ ಬಿದ್ದು ಪಕ್ಕದ ಎಲೆಗೆ ಬೀಳದಿದ್ದರೆ, ಅದನ್ನು ನಮ್ಮ ಹಿರಿಯರು ಪಂಕ್ತಿಭೇದವೆಂದು ಕರೆದರು. ಬಡಿಸುವವನಿಗೆ ಅದು ದೋಷವೆಂದರು. ಯಾರನ್ನು ಸಾಲಿಗೆ ಸೇರಿಸಬೇಕೆಂಬಲ್ಲಿ ಎಷ್ಟೋ ಭೇದಗಳನ್ನು ಮಾಡಿದ ಸಮಾಜವೇ, ಕುಳಿತವರಲ್ಲಾದರೂ ಭೇದ ಕೂಡದೆಂದಿತು. ಆ ಮಾತಿನಲ್ಲಿರುವ ಧರ್ಮ ಸಣ್ಣದಲ್ಲ. ಆದರೆ ಎಲ್ಲರಿಗೂ ಒಂದೇ ಪದಾರ್ಥವನ್ನು ಬಡಿಸಿದ ಮಾತ್ರಕ್ಕೆ ಭೇದವಳಿಯಿತೆ? ಒಬ್ಬರಿಗೆ ಅನ್ನವಾದದ್ದು ಇನ್ನೊಬ್ಬರಿಗೆ ವಿಷವಾದರೆ ಬಡಿಸುವವನು ಏನು ಮಾಡಬೇಕು?

ನನ್ನ ತಂಗಿಯ ಮಗಳಿಗೆ ಒಂಬತ್ತು ವರ್ಷ. ಅವಳಿಗೆ ಸೀಲಿಯಕ್ ಎಂಬ ವ್ಯಾಧಿಯಿದೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲೂಟನ್ ಎಂಬ ಅಂಟಾದ ಸಸಾರಜನಕವಿರುತ್ತದೆ. ಅದು ಹೊಟ್ಟೆಗೆ ಹೋದರೆ ಈ ವ್ಯಾಧಿಯವರ ದೇಹ ತನ್ನ ಕರುಳಿನ ಒಳಪೊರೆಯನ್ನು ತಾನೇ ಕೆಡಿಸಿಕೊಳ್ಳುತ್ತದೆ. ಗೋಧಿಯ ಮೇಲೆ ಮೊದಲೇ ಅನುಮಾನವಿದ್ದ ಡಚ್ ವೈದ್ಯ ವಿಲೆಮ್ ಡಿಕೆ, 1944-45ರ ಕ್ಷಾಮದಲ್ಲಿ ಬ್ರೆಡ್ಡಿಲ್ಲದೆ ಇಂಥ ಮಕ್ಕಳು ಚೇತರಿಸಿಕೊಂಡದ್ದನ್ನೂ, ಬ್ರೆಡ್ಡು ಮರಳಿದಾಗ ಮತ್ತೆ ಕಾಯಿಲೆ ಬಿದ್ದದ್ದನ್ನೂ ಕಂಡ. 1950ರಲ್ಲಿ ಅದರ ಮೇಲೆ ಪ್ರಬಂಧ ಬರೆದ. ಸುತ್ತಲಿನ ಜನ ಹಸಿದಿದ್ದಾಗ ಈ ಮಕ್ಕಳು ಗುಣಮುಖರಾದರು. ಸಮಾನವೆಂಬ ಅನ್ನ ಎಲ್ಲರಲ್ಲೂ ಸಮಾನ ಫಲವನ್ನು ಕೊಡದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಮನೆಯಲ್ಲಿ ಅವಳಿಗೆ ಕೊರತೆಯಿಲ್ಲ. ಅಕ್ಕಿ, ರಾಗಿ, ಜೋಳ ಮೂರೂ ಒಗ್ಗುತ್ತವೆ. ಕಷ್ಟವೆಲ್ಲ ಹೊರಗೆ. "ಒಂದು ಚೂರಿಗೆ ಏನಾಗುತ್ತಮ್ಮಾ?" ಎನ್ನುವ ಪ್ರೀತಿಯವರಿದ್ದಾರೆ, ಮೂಲೆಯಲ್ಲಿ ಕೂರಿಸಿ ಬಾಳೆಹಣ್ಣು ಕೊಡುವ ಎಚ್ಚರದವರೂ ಇದ್ದಾರೆ. ಈ ಎರಡಕ್ಕೂ ಬೇಸತ್ತ ಹುಡುಗಿ "ನನಗೆ ಹಸಿವಿಲ್ಲ" ಎನ್ನುವುದನ್ನು ಕಲಿತುಬಿಟ್ಟಳು. ಉಣಬಡಿಸುವವರ ಸಂಕೋಚವನ್ನು ಉಳಿಸಲು ಹಸಿದ ಮಗು ಸುಳ್ಳು ಹೇಳಬೇಕಾದರೆ, ಆ ಆತಿಥ್ಯಕ್ಕೆ ಏನು ಬೆಲೆ?

ಕಳೆದ ವರ್ಷ ನನ್ನ ಮಗನ ಹುಟ್ಟುಹಬ್ಬಕ್ಕೆ ಅವಳು ಬರುವವಳಿದ್ದಳು. ವೈದ್ಯರ ಮಾತಿನಂತೆ ಕೆಲಕಾಲ ಧಾನ್ಯವನ್ನೇ ಬಿಟ್ಟಿದ್ದ ಗೆಳೆಯರೊಬ್ಬರೂ ಬರುವವರು. ನನ್ನ ಹೆಂಡತಿ ಧಾನ್ಯವಿಲ್ಲದ ದಾಲ್ಚಿನ್ನಿ ಕೇಕನ್ನು ಮಾಡಿದಳು: 200 ಗ್ರಾಂ ಬಾದಾಮಿ ಪುಡಿ, ಮೂರು ಮೊಟ್ಟೆ, ಬೆಲ್ಲದ ಪುಡಿ, ತುಪ್ಪ, ಎರಡು ಚಮಚ ದಾಲ್ಚಿನ್ನಿ. ಅಂಗಡಿಯ ಬೇಕಿಂಗ್ ಪೌಡರಿನಲ್ಲಿ ಧಾನ್ಯದ ಪಿಷ್ಟವಿರುವುದುಂಟಾದ್ದರಿಂದ ಸೋಡಾ ಮತ್ತು ನಿಂಬೆರಸ. ಹಳೆಯ ಪಾತ್ರೆಯ ಸಂದಿನಲ್ಲಿ ಮೈದಾ ಉಳಿದೀತೆಂದು ಹೊಸ ಪಾತ್ರೆ. ಅಂಟಿಲ್ಲದ ಹಿಟ್ಟಾದ್ದರಿಂದ ಹಿಡಿದಿಡುವ ಕೆಲಸ ಮೊಟ್ಟೆಯದೇ. ಪೂರ್ತಿ ಆರುವ ಮುನ್ನ ಕೊಯ್ದರೆ ಪುಡಿಯಾಗುತ್ತದೆ.

"ಅತ್ತೇ, ಇದು ನನಗೊಬ್ಬಳಿಗೇನಾ?" ಎಂದಳು ಹುಡುಗಿ.

"ಎಲ್ಲರಿಗೂ ಇದೇ ಕಣೇ, ಬೇರೆ ಮಾಡಿಲ್ಲ."

ಅವಳು ಎರಡನೆಯ ಚೂರನ್ನು ತಾನಾಗಿ ಕೇಳಿದಳು.

ಒಬ್ಬರಿಗಾಗಿ ಉಳಿದವರೆಲ್ಲ ಏಕೆ ಬಿಡಬೇಕು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉಳಿದವರು ಅಂದು ಬಿಟ್ಟದ್ದು ಒಂದು ಸಂಜೆಯ ಮೈದಾವನ್ನು. ಆ ಮಗು ಬಿಟ್ಟಿರುವುದು ಜೀವಮಾನದ ಗೋಧಿಯನ್ನು. ತಕ್ಕಡಿ ಯಾವ ಕಡೆ ವಾಲುತ್ತದೆಂದು ವಾಚಕರೇ ನೋಡಲಿ. ಬಾದಾಮಿ ಬಡವರ ಪದಾರ್ಥವಲ್ಲ, ನಿಜ. ಆದರೆ ಕಡಲೆಬೀಜ, ಕೊಬ್ಬರಿ, ಬೆಲ್ಲಗಳ ಉಂಡೆಗೂ ಈ ಧರ್ಮ ಸಲ್ಲುತ್ತದೆ.

ಆದರೂ ಬಾದಾಮಿಯ ಕೇಕೇ ಸಮಾನತೆಯ ಕೇಕೆಂದು ಬೀಗುವಂತಿಲ್ಲ. ಬಾದಾಮಿಯೇ ಆಗದವರಿದ್ದಾರೆ, ಕಡಲೆಬೀಜದ ಒಂದು ಚೂರಿಗೆ ಉಸಿರು ಕಟ್ಟುವವರಿದ್ದಾರೆ, ಮೊಟ್ಟೆಯನ್ನು ಮುಟ್ಟದವರಿದ್ದಾರೆ. ಎಲ್ಲ ಪಂಕ್ತಿಗೂ ಸಲ್ಲುವ ಒಂದು ಭಕ್ಷ್ಯವಿಲ್ಲ. ಹಾಗಾದರೆ ಸಮತೆ ಎಲ್ಲಿದೆ? ಬಡಿಸುವ ಮುನ್ನ ಕೇಳುವುದರಲ್ಲಿ. ಕೇಳಿದ ಮೇಲೆ ನಂಬುವುದರಲ್ಲಿ. ಇದು ರೋಗವೋ ವ್ರತವೋ ಶೋಕಿಯೋ ಎಂದು ಅತಿಥಿಯನ್ನು ವಿಚಾರಣೆಗೆ ನಿಲ್ಲಿಸುವುದು ಆತಿಥೇಯನ ಕೆಲಸವಲ್ಲ.

ಇನ್ನೊಂದು ಮಾತು. ಉಣ್ಣುವವನಿಗೆ ಎಲೆಯ ಮೇಲಿನದು ಕಾಣುತ್ತದೆಯೇ ಹೊರತು ಅದರೊಳಗಿರುವುದು ಕಾಣದು. ಸಾರಿಗೆ ಹಾಕುವ ಅಂಗಡಿಯ ಹಿಂಗಿನಲ್ಲಿ ಕೂಡ ಎಷ್ಟೋ ವೇಳೆ ಗೋಧಿ ಹಿಟ್ಟು ಬೆರೆತಿರುತ್ತದೆ. ಆದ್ದರಿಂದ ಇಲ್ಲಿ ಅನ್ನದಾನದ ಜೊತೆಗೆ ಸತ್ಯವೂ ಸೇರಬೇಕು. ಖಚಿತವಿಲ್ಲದಿದ್ದರೆ "ನನಗೆ ಗೊತ್ತಿಲ್ಲ, ತಿನ್ನಬೇಡ" ಎನ್ನುವ ಧೈರ್ಯ ಬೇಕು. ಹಾಗೆ ಹೇಳಿದವನು ಬಡಿಸದೆಯೂ ಪಂಕ್ತಿಯ ಮರ್ಯಾದೆಯನ್ನು ಕಾಯ್ದವನೇ.