ಮದ್ಯಪಾನವೂ ಹುಸಿನುಡಿಯೂ



ಕಲಬುರಗಿಯಿಂದ ಹುಮನಾಬಾದಿನತ್ತ ಸಾಗುವ ಹೆದ್ದಾರಿಯಲ್ಲಿ ಕಮಲಾಪುರವಿದೆ. ಕೆಂಪು ಬಾಳೆಗೆ ಹೆಸರಾದ ಊರು. ಆ ಊರಿನ ಒಬ್ಬ ಗೃಹಸ್ಥನನ್ನು ದೃಷ್ಟಾಂತವಾಗಿ ಭಾವಿಸಿರಿ. ಅವನು ಲಿಂಗದೀಕ್ಷೆ ಪಡೆದವನು. ಕಲಬುರಗಿಯ ದಾಲ್ ಮಿಲ್ಲೊಂದರಲ್ಲಿ ತೊಗರಿ ಚೀಲಗಳ ಲೆಕ್ಕ ಬರೆಯುವುದು ಅವನ ಕಾಯಕ. ಬೆಳಗಿನ ಬಸ್ಸಿಗೆ ಹೋಗಿ ರಾತ್ರಿ ಮರಳುವನು. ಅಕ್ಷರ ದುಂಡು, ಲೆಕ್ಕ ಚೊಕ್ಕ. ಪರರ ಚೀಲದಲ್ಲಿ ಒಂದು ಸೇರು ತೊಗರಿ ಹೆಚ್ಚುಕಡಿಮೆಯಾದರೂ ಸಹಿಸುವವನಲ್ಲ. ಆದರೆ ತಾನು ಪ್ರತಿ ಸಂಜೆ ಕುಡಿಯುವ ಮದ್ಯದ ಲೆಕ್ಕವನ್ನು ಮಾತ್ರ ಅವನು ಎಂದೂ ಸರಿಯಾಗಿ ಹೇಳಿದವನಲ್ಲ. ಮಡದಿಗೂ ಹೇಳಿಲ್ಲ, ತನಗೂ ಹೇಳಿಕೊಂಡಿಲ್ಲ.

ಹೆಚ್ಚು ಕುಡಿದ ದಿನ ಅವನು ಮನೆಗೆ ಬಾಳೆಹಣ್ಣಿನ ಚಿಪ್ಪು ತರುವನು. ಬಾಯಲ್ಲಿ ಏಲಕ್ಕಿ ಇರುವುದು. ಮಡದಿ ಕೇಳಿದರೆ, “ನಾ ಎಲ್ಲಿ ಕುಡದೀನಿ? ಯಾರ ಹೇಳ್ಯಾರ ನಿನಗ?” ಎಂದು ಮುನಿಯುವನು. ಮಕ್ಕಳು ಹಣ್ಣಿನ ಚಿಪ್ಪನ್ನು ಕಂಡೊಡನೆ ಸಂತೋಷಪಡುವುದನ್ನು ಬಿಟ್ಟು ಒಳಕೋಣೆ ಸೇರುವುದನ್ನು ಕಲಿತಿವೆ.

ಬಸವಣ್ಣನವರು ಏಳು ನಿಷೇಧಗಳನ್ನು ಹೇಳಿದ ವಚನವನ್ನು ಅರಿಯದ ಶರಣಕುಟುಂಬವಿಲ್ಲ. ಆ ಏಳರಲ್ಲಿ ಮದ್ಯದ ಹೆಸರಿಲ್ಲವಲ್ಲ ಎಂದು ಜಾಣತನದಿಂದ ಕೇಳುವವರುಂಟು. ಹೆಸರಿಲ್ಲವೆಂಬುದು ನಿಜ. ಆದರೆ ಈ ಗೃಹಸ್ಥನ ಒಂದು ದಿನವನ್ನು ಆ ವಚನದ ಪಕ್ಕದಲ್ಲಿಟ್ಟು ನೋಡಬೇಕು. ಮಡದಿ ಹಿಟ್ಟಿನ ಡಬ್ಬಿಯಲ್ಲಿ ಅಡಗಿಸಿದ ಹಣವನ್ನು ತೆಗೆದದ್ದು ಕಳವು. ಕುಡಿದಿಲ್ಲವೆಂದದ್ದು ಹುಸಿ. ಕೇಳಿದವಳ ಮೇಲೆ ಸಿಡುಕಿದ್ದು ಮುನಿಸು. “ಓಣಿಯೊಳಗ ನನ್ನಂಗ ದುಡಿಯಾವ ಯಾರದಾನ?” ಎಂದದ್ದು ತನ್ನ ಬಣ್ಣನೆ. “ಆ ಮೂಲಿಮನಿಯಾಂವ ಹಗಲೇ ಬಿದ್ದಿರ್ತಾನ, ನಾ ಹಂಗಲ್ಲ” ಎಂದದ್ದು ಇದಿರ ಹಳಿಯುವುದು. ಮದ್ಯವೆಂಬುದು ಒಂದು ದೋಷವಾಗಿ ಮನೆಯೊಳಗೆ ಬಂದು, ಉಳಿದ ದೋಷಗಳನ್ನೆಲ್ಲ ಬಂಧುಗಳಂತೆ ಕರೆತರುತ್ತದೆ. ಅವುಗಳಲ್ಲಿ ಹುಸಿಯೇ ಹಿರಿಯದು. ಅದು ಬಾಗಿಲಲ್ಲಿ ಕುಳಿತು ಮಿಕ್ಕವನ್ನು ಕಾಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ವ್ಯಸನಿಯ ಹುಸಿಯೆಲ್ಲ ತಿಳಿದು ಆಡಿದ ಹುಸಿಯಲ್ಲ. ಮದ್ಯವು ಮಿತಿಮೀರಿ ರಕ್ತದಲ್ಲಿ ಸೇರಿದಾಗ ಮಿದುಳು ಹೊಸ ನೆನಪನ್ನು ಹಿಡಿದಿಡುವ ಶಕ್ತಿಯನ್ನು ಕಳೆದುಕೊಳ್ಳುತ್ತದೆಂದು ವೈದ್ಯಶಾಸ್ತ್ರವು ತಿಳಿಸುತ್ತದೆ. ಅಂಥವನು ನಡೆಯುತ್ತಾನೆ, ಮಾತಾಡುತ್ತಾನೆ, ಜಗಳವಾಡುತ್ತಾನೆ; ಬೆಳಗಾದರೆ ಅದೊಂದೂ ನೆನಪಿಲ್ಲ. “ನಾ ತಾಟು ಒಗದಿಲ್ಲ” ಎಂದು ಅವನು ಹೇಳುವಾಗ ಅವನ ಮಟ್ಟಿಗೆ ಅದು ಸತ್ಯವೇ ಆಗಿರಬಹುದು. ಬಹುಕಾಲ ಕುಡಿದು, ಅನ್ನ ಬಿಟ್ಟು, ಥಯಾಮಿನ್ ಎಂಬ ಜೀವಸತ್ವದ ಕೊರತೆಯಿಂದ ಮಿದುಳು ಕೆಟ್ಟವರು, ನೆನಪಿನ ತೂತುಗಳನ್ನು ಇಲ್ಲದ ಕಥೆಗಳಿಂದ ತುಂಬಿ ಅವನ್ನೇ ನಂಬುವುದೂ ಉಂಟು. ಆದುದರಿಂದ ಅವನನ್ನು ಬರಿಯ ಕಪಟಿಯೆಂದು ಜರೆದು ಮುಗಿಸಲಾಗದು. ಹಾಗೆಂದು ಏಲಕ್ಕಿ ಅಗಿಯುವವನಿಗೆ ಏನೂ ತಿಳಿಯದೆಂದೂ ಹೇಳಲಾಗದು. ಬಚ್ಚಿಡುವವನು ಬಚ್ಚಿಡಬೇಕಾದುದನ್ನು ಬಲ್ಲನು.

ಬಲ್ಲನೆಂಬುದಕ್ಕೆ ಸಾಕ್ಷಿ ಕರಸ್ಥಲದಲ್ಲಿಯೇ ಇದೆ. ಪ್ರಾತಃಕಾಲದಲ್ಲಿ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಎಡಗೈಯಲ್ಲಿರಿಸಿ ದೃಷ್ಟಿ ನೆಟ್ಟು ಕುಳಿತುಕೊಳ್ಳುವುದು ಭಕ್ತನ ನಿತ್ಯನೇಮ. ರಾತ್ರಿಯ ಮದ್ಯ ಇಳಿದ ದೇಹಕ್ಕೆ ಬೆಳಗಿನಲ್ಲಿ ಕೈ ನಡುಗುತ್ತದೆ. ಲಿಂಗ ಅಂಗೈಯಲ್ಲಿ ನಿಲ್ಲದು. ಮೊದಮೊದಲು ನಮ್ಮ ಗೃಹಸ್ಥನು “ನಿದ್ದಿ ಆಗಿಲ್ಲ” ಎಂದನು. ಆಮೇಲೆ “ಸಕ್ರಿ ಬ್ಯಾನಿ ಇರಬೇಕು” ಎಂದನು. ಒಂದು ದಿನ ಬಚ್ಚಲಿಗೆ ಹೋಗಿ ಒಂದು ಗುಟುಕು ಕುಡಿದು ಬಂದನು. ಕೈ ನಿಂತಿತು, ಪೂಜೆ ನಡೆಯಿತು. ಅಂದಿನಿಂದ ಪೂಜೆಗೆ ಮುನ್ನ ಆ ಗುಟುಕು ತಪ್ಪಲಿಲ್ಲ. ಯಾವ ಕೈ ನಿಶ್ಚಲವಾಗಬೇಕೆಂದು ಗುರುವು ಲಿಂಗವನ್ನು ಕೊಟ್ಟನೋ ಆ ಕೈಯನ್ನು ಈಗ ಶೀಸೆ ನಿಲ್ಲಿಸುತ್ತಿದೆ. ಅವನು ಇದನ್ನು ಯಾರಿಗೂ ಹೇಳಲಿಲ್ಲ. ಲಿಂಗದ ಮುಂದೆ ಕುಳಿತು ಲಿಂಗಕ್ಕೂ ಮರೆಮಾಚಿದನು.

ಮನೆಯವರ ಪಾಲೂ ಇದೆ. ಇದನ್ನು ಹೇಳುವುದು ಕಷ್ಟ, ಹೇಳದಿರುವುದು ಅನ್ಯಾಯ. ಅವನು ಏಳಲಾರದ ದಿನ ಮಡದಿಯು ಮಿಲ್ಲಿನ ಯಜಮಾನನಿಗೆ ಫೋನು ಮಾಡಿ, “ಸಾವಕಾರ್ರೆ, ಅವರಿಗಿ ಜರ ಬಂದಾವ್ರಿ” ಎನ್ನುವಳು. ಅಂಗಡಿಯ ಉದ್ರಿಯವನು ಬಂದರೆ ಹತ್ತು ವರ್ಷದ ಮಗನು ಬಾಗಿಲಿಗೆ ಹೋಗಿ “ಅಪ್ಪ ಊರಾಗಿಲ್ಲ” ಎನ್ನುವನು. ಮಾನ ಉಳಿಯಲೆಂದು ಆಡಿದ ಮಾತುಗಳು ಇವು. ಆ ತಾಯಿಯನ್ನು ಯಾರು ದೂಷಿಸಬಲ್ಲರು? ಆದರೆ ಕೆಲಸ ಉಳಿದಷ್ಟು ದಿನ, ಸಾಲಗಾರ ಹಿಂದಿರುಗಿದಷ್ಟು ದಿನ, ತನಗೇನೂ ಆಗಿಲ್ಲವೆಂಬ ಅವನ ನಂಬಿಕೆಗೆ ಮನೆಯವರೇ ಊರುಗೋಲು ಕೊಟ್ಟಂತಾಗುತ್ತದೆ. ಮಗನು ಅಕ್ಷರದೊಡನೆಯೇ ಹುಸಿಯನ್ನೂ ಕಲಿಯುತ್ತಾನೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನಿದ್ದನು; ಧರ್ಮೇಶ್ವರಲಿಂಗವೆಂಬುದು ಅವನ ವಚನಗಳ ಅಂಕಿತ. ಹೆಂಡ ಮಾರುವ ವೃತ್ತಿಯಿಂದ ಬಂದು, ಅದೇ ವೃತ್ತಿಯ ಮಾತುಗಳಲ್ಲಿ ತತ್ತ್ವವನ್ನು ನುಡಿದವನು. ಅವನು ತನ್ನ ಹಿನ್ನೆಲೆಯನ್ನು ತೊಳೆದುಕೊಳ್ಳಲಿಲ್ಲ, ಹೆಸರನ್ನು ಮರೆಸಲಿಲ್ಲ. ಶರಣಗಣವೂ ಆ ಹೆಸರಿನಿಂದಲೇ ಅವನನ್ನು ಕರೆಯಿತು. ಏನಿತ್ತೋ ಅದನ್ನು ಇದ್ದಂತೆ ಹೇಳಿಕೊಂಡವನಿಗೆ ಅನುಭವದ ಬಾಗಿಲು ತೆರೆದಿತ್ತು.

ಸಮೀಪಕಾಲದಲ್ಲಿ ಇಳಕಲ್ಲಿನ ಚಿತ್ತರಗಿ ಪೀಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಹಿಡಿದು ಹೊರಟರು. ಜಂಗಮನ ಜೋಳಿಗೆಗೆ ಜನರು ಜೋಳ ಹಾಕುವರು, ಕಾಸು ಹಾಕುವರು. ಅವರು ಬೇಡಿದ್ದು ದುಶ್ಚಟಗಳನ್ನು. 2018ರಲ್ಲಿ ಲಿಂಗೈಕ್ಯರಾದ ಆ ಪೂಜ್ಯರ ಜನ್ಮದಿನವಾದ ಆಗಸ್ಟ್ 1 ಇಂದು ನಾಡಿನಲ್ಲಿ ವ್ಯಸನಮುಕ್ತ ದಿನವೆನಿಸಿದೆ. ಆ ಜೋಳಿಗೆಯ ಮರ್ಮವನ್ನು ಗಮನಿಸಬೇಕು. ಜೋಳಿಗೆಗೆ ಹಾಕಬೇಕಾದರೆ ಮೊದಲು ಕೈಯಲ್ಲಿ ಇದೆಯೆಂದು ಒಪ್ಪಬೇಕು. ಇಲ್ಲದ್ದನ್ನು ಯಾರೂ ಭಿಕ್ಷೆ ನೀಡಲಾರರು. ಅಮೆರಿಕೆಯಲ್ಲಿ 1935ರಲ್ಲಿ ಒಬ್ಬ ವೈದ್ಯ ಮತ್ತು ಒಬ್ಬ ಷೇರು ವ್ಯಾಪಾರಿ, ಇಬ್ಬರೂ ಮದ್ಯವ್ಯಸನಿಗಳು, ಕೂಡಿ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘದ ಮೊದಲ ಮೆಟ್ಟಿಲೂ ಈ ಒಪ್ಪುವಿಕೆಯೇ. ದೇಶ ಬೇರೆಯಾದರೂ ರೋಗದ ಬೀಗ ಒಂದೇ ಆದುದರಿಂದ ಬೀಗದ ಕೈಯೂ ಒಂದೇ.

ಸರ್ಕಾರವು 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯನ್ನು ನಿಷೇಧಿಸಿತು. ಅನೇಕ ಮನೆಗಳಿಗೆ ಆಸೆ ಹುಟ್ಟಿತ್ತು. ಸಾರಾಯಿ ಹೋಯಿತು, ಕುಡಿಯುವವನು ಬೇರೆ ಶೀಸೆಗೆ ಕೈಯಿಟ್ಟನು. “ನಾ ಸಾರಾಯಿ ಕುಡಿಯೋದಿಲ್ಲ” ಎಂಬುದು ಕೆಲವರಿಗೆ ಹೊಸ ನೆಪವಾಯಿತು.

ಆಣೆಗಳ ವಿಷಯವನ್ನೂ ನೋಡಬೇಕು. ನಮ್ಮ ಗೃಹಸ್ಥನು ಹೋಳಿ ಹುಣ್ಣಿಮೆಯ ಐದನೆಯ ದಿನ, ಕಲಬುರಗಿಯ ಶರಣಬಸವೇಶ್ವರರ ತೇರಿನ ಮುಂದೆ ನಿಂತು, ಇನ್ನು ಮುಟ್ಟೆನೆಂದು ಆಣೆಯಿಟ್ಟನು. ಆ ಕ್ಷಣದಲ್ಲಿ ಅವನು ಸುಳ್ಳಾಡಲಿಲ್ಲ. ಎರಡು ದಿನ ಕಳೆಯಿತು. ಬೆವರು, ನಡುಕ, ನಿದ್ರೆಯಿಲ್ಲ, ಗೋಡೆಯ ಮೇಲೆ ಇಲ್ಲದ ಹುಳುಗಳು ಹರಿದಂತಾಯಿತು. ಮೂರನೆಯ ದಿನ ಕುಡಿದನು. ವರ್ಷಗಟ್ಟಲೆ ನಿತ್ಯ ಕುಡಿದವನು ಒಮ್ಮೆಲೆ ಬಿಟ್ಟರೆ ಫಿಟ್ಸು ಬರಬಹುದು, ಬುದ್ಧಿಭ್ರಮೆಯಾಗಬಹುದು, ಪ್ರಾಣಕ್ಕೂ ಅಪಾಯವುಂಟು. ಅಂಥವನನ್ನು ಆಣೆಯೊಂದಕ್ಕೇ ಒಪ್ಪಿಸದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಆಣೆ ಮುರಿದವನೆಂದು ಹೀಯಾಳಿಸಿದರೆ ಅವನು ಮತ್ತೊಂದು ಹುಸಿಯ ಮರೆಗೆ ಹೋಗುವನು.

ಒಂದು ಬೆಳಿಗ್ಗೆ ಯಜಮಾನನ ಫೋನು ಬಂದಿತು. ಮಡದಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಜರ ಇಲ್ರಿ ಸಾವಕಾರ್ರೆ. ರಾತ್ರಿ ಕುಡದು ಬಂದಾರ, ಏಳವಲ್ರು” ಎಂದಳು. ಒಳಗೆ ಮಲಗಿದ್ದವನು ಅದನ್ನು ಕೇಳಿದನು. ಮುನಿಯಲು ಎದ್ದು ಕುಳಿತನು, ಮಾತು ಬರಲಿಲ್ಲ. ಬಾಗಿಲಲ್ಲಿ ಮಗನು ನಿಂತು ನೋಡುತ್ತಿದ್ದನು.

ಮರುದಿನ ಗಂಡ ಹೆಂಡಿರು ಕಲಬುರಗಿಯ ಆಸ್ಪತ್ರೆಗೆ ಹೋದರು. ದಿನಕ್ಕೆ ಎಷ್ಟು ಕುಡಿಯುವಿರೆಂದು ವೈದ್ಯರು ಕೇಳಿದರು. “ಸ್ವಲ್ಪರಿ, ಒಂದು ಕ್ವಾಟ್ರು” ಎಂದನು. ಮಡದಿ ಏನೂ ಹೇಳಲಿಲ್ಲ, ನೆಲ ನೋಡುತ್ತಿದ್ದಳು. ಅವನು ಮಿಲ್ಲಿನಲ್ಲಿ ಚೀಲ ಎಣಿಸುವಾಗಿನಂತೆ ಬೆರಳು ಮಡಿಸಿ, “ಇಲ್ರಿ, ಮೂರು” ಎಂದನು. ಮತ್ತೆ ಸ್ವಲ್ಪ ತಡೆದು, “ಪೂಜಾದ ಮುಂಚಿಂದು ಬ್ಯಾರೆ ಅದರಿ” ಎಂದನು. ವೈದ್ಯರು ಬರೆದುಕೊಂಡರು.